ಮೊದಲ ಸಲ ಥಾಯ್ ಮಸಾಜ್‌ಗೆ ಹೋಗುವವರಿಗೆ: ಫೋನ್ ಮಾಡುವುದರಿಂದ ಮರುದಿನದ ಮೈನೋವಿನವರೆಗೆ

ಬೆಳಗಾವಿಯ ತಿಲಕವಾಡಿ ಕಡೆ ಒಂದು ಥೆರಪಿ ಸೆಂಟರಿನ ಮುಂದಿನ ಮೇಜಿನಲ್ಲಿ ಆರು ವರ್ಷ ಕೂತವಳು ನಾನು. ಫೋನ್ ಎತ್ತುವುದು, ಟೈಮ್ ಕೊಡುವುದು, ಫಾರ್ಮ್ ತುಂಬಿಸುವುದು, ಕೊನೆಗೆ ದುಡ್ಡು ಎಣಿಸಿಕೊಳ್ಳುವುದು. ಮಸಾಜ್ ಮಾಡಿದವಳು ನಾನಲ್ಲ. ಆದರೆ ಜನರು ಒಳಗೆ ಹೋಗುವಾಗಿನ ಮುಖ, ಹೊರಗೆ ಬರುವಾಗಿನ ಮುಖ ಎರಡನ್ನೂ ದಿನಾ ನೋಡಿದವಳು.

ದೂರುಗಳು ಹೆಚ್ಚೂಕಡಿಮೆ ಮೂರೇ. "ಮೇಡಂ, ಎಣ್ಣಿನೇ ಹಚ್ಚಲಿಲ್ಲ." "ಜೀವಾನೇ ಹೋತು, ಅಷ್ಟು ಒತ್ತಿದರು." "ನೋವಿದ್ದದ್ದು ಬೆನ್ನಿಗೆ, ಕಾಲಿಗೇ ಅರ್ಧ ತಾಸು ಕಳೆದರು." ಹೊಸಬರು ಬಂದ ಪ್ರತಿ ವಾರ ಇವೇ ಮಾತು. ಒಳಗೆ ಥೆರಪಿಸ್ಟನ್ನು ಕೇಳಿದರೆ ಅವರ ಉತ್ತರವೂ ಒಂದೇ: "ಅವರು ಏನೂ ಹೇಳಲೇ ಇಲ್ಲ." ಮಲಗಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಸಹಿಸಿಕೊಳ್ಳುವುದೇ ಮಸಾಜ್ ಅಂದುಕೊಂಡರೆ ಹೀಗೇ ಆಗುತ್ತದೆ. ಯಾವಾಗ ಏನು ಮಾಡಬೇಕು, ಎಲ್ಲಿ ಬಾಯಿ ಬಿಡಬೇಕು ಅನ್ನುವುದನ್ನು ಮೊದಲಿನಿಂದ ಸಾಲಾಗಿ ಹೇಳುತ್ತೇನೆ.

## ಹಂತ 1. ನಿಮಗೆ ಬೇಕಿರುವುದು ಥಾಯ್ ಮಸಾಜೇನಾ?

ನಮ್ಮ ಕಡೆ ಮಾಲೀಶು ಅಂದರೆ ಮೊದಲು ನೆನಪಾಗುವುದು ಪೈಲ್ವಾನರ ಗರಡಿ ಮನೆ, ಇಲ್ಲವೇ ಬಾಣಂತಿಯ ಎಣ್ಣೆ-ನೀರು. ಎರಡರಲ್ಲೂ ಎಣ್ಣೆ ಸುರಿದು ತಿಕ್ಕುತ್ತಾರೆ. ಥಾಯ್ ಮಸಾಜಿನಲ್ಲಿ ಎಣ್ಣೆ ಇಲ್ಲ, ಬಟ್ಟೆ ಬಿಚ್ಚುವುದಿಲ್ಲ, ಟೇಬಲ್ಲೂ ಇಲ್ಲ. ನೆಲದ ಮೇಲೆ ಒಂದು ದಪ್ಪ ಗಾದಿ, ಮೈಮೇಲೆ ಸಡಿಲ ಪೈಜಾಮ ಮತ್ತು ಅಂಗಿ. ಮಾಡುವವರು ಅಂಗೈ, ಹೆಬ್ಬೆರಳು, ಮೊಣಕೈ, ಮೊಣಕಾಲು, ಪಾದ ಎಲ್ಲ ಬಳಸುತ್ತಾರೆ. ಒತ್ತುತ್ತಾರೆ, ಎಳೆಯುತ್ತಾರೆ, ಬಗ್ಗಿಸುತ್ತಾರೆ, ತಿರುಗಿಸುತ್ತಾರೆ. ನೀವು ಸುಮ್ನೆ ಮಲಗಿದ್ದೀರಿ, ಬೇರೊಬ್ಬರು ನಿಮ್ಮ ಮೈಯಿಂದ ಯೋಗಾಸನ ಹಾಕಿಸುತ್ತಿದ್ದಾರೆ. ಹೆಚ್ಚೂಕಡಿಮೆ ಹಾಗೆ.

ಅವರ ಬಾಯಲ್ಲಿ "ಸೆನ್" ಅನ್ನುವ ಪದ ಕೇಳಬಹುದು. ಮೈಯಲ್ಲಿ ಹತ್ತು ಮುಖ್ಯ ದಾರಿಗಳಿವೆ, ಅವುಗಳ ಗುಂಟ ಒತ್ತಬೇಕು ಅನ್ನುವುದು ಆ ಪದ್ಧತಿಯ ಲೆಕ್ಕ. ಡಾಕ್ಟರ್ ಹೇಳುವ ನರ, ರಕ್ತನಾಳಕ್ಕೂ ಇದಕ್ಕೂ ಸಂಬಂಧವಿಲ್ಲ. "ನಿಮ್ಮ ಸೆನ್ ಬ್ಲಾಕ್ ಆಗಿದೆ" ಅಂದರೆ ನರ ಸಿಕ್ಕಿಹಾಕಿಕೊಂಡಿದೆ ಅಂತ ಗಾಬರಿಯಾಗಬೇಡಿ.

ಇದು ಒಗ್ಗುವುದು ಬಿಗಿತಕ್ಕೆ. ಉದ್ಯಮಬಾಗದಲ್ಲಿ ಮಶೀನಿನ ಮುಂದೆ ಎಂಟು ತಾಸು ನಿಲ್ಲುವವರು, ಇಳಕಲ್‌ನಲ್ಲಿ ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟು ಬಗ್ಗಿ ನೇಯುವವರು, ವಿಜಯಪುರದ ಕಡೆ ದ್ರಾಕ್ಷಿ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುತ್ತ ವಾರಗಟ್ಟಲೆ ಕೈ ಮೇಲೆತ್ತಿಕೊಂಡೇ ಇರುವವರು, ಕಂಪ್ಯೂಟರ್ ಮುಂದೆ ಕುತ್ತಿಗೆ ಚಾಚಿ ಕೂರುವವರು. ಇವರ ನೋವು ಬಹುಮಟ್ಟಿಗೆ ಸ್ನಾಯು ಹಿಡಿದುಕೊಂಡದ್ದು. ಒತ್ತಿ ಎಳೆದರೆ ಹಗುರಾಗುತ್ತದೆ.

ಸುಮ್ಮನೆ ನಿದ್ದೆ ಬರಬೇಕು, ಮನಸ್ಸು ತಣ್ಣಗಾಗಬೇಕು ಅನ್ನುವವರಿಗೆ ಎಣ್ಣೆಯ ಅಭ್ಯಂಗವೇ ಮೇಲು. ಬೆಳಗಾವಿಯ ಶಹಾಪುರದಲ್ಲಿ ಕೆಎಲ್‌ಇ, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಬಿವಿವಿ ಸಂಘ, ಮೂರೂ ಕಡೆ ಆಯುರ್ವೇದ ಕಾಲೇಜುಗಳಿವೆ. ಅಂಥ ಕಡೆ ಮೊದಲು ವೈದ್ಯರು ನೋಡುತ್ತಾರೆ, ಆಮೇಲೆ ಎಣ್ಣೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಮಡಚುತ್ತಿಲ್ಲ, ಮೊಣಕಾಲು ಆಪರೇಷನ್ ಆಗಿದೆ, ಲಕ್ವ ಹೊಡೆದಿದೆ ಅಂದರೆ ಫಿಸಿಯೋಥೆರಪಿಗೆ ಹೋಗಿ. ಅಲ್ಲಿ ಮಸಾಜ್‌ಗಿಂತ ವ್ಯಾಯಾಮ ಜಾಸ್ತಿ ಮಾಡಿಸುತ್ತಾರೆ. ಅದಕ್ಕೇ ಜನರಿಗೆ ಇಷ್ಟವಾಗುವುದಿಲ್ಲ, ಅದಕ್ಕೇ ಗುಣವೂ ಆಗುತ್ತದೆ.

ನಿನ್ನೆ ಬಿದ್ದು ಪಾದ ಊದಿಕೊಂಡಿದೆ ಅಂದರೆ ಥಾಯ್ ಮಸಾಜೂ ಬೇಡ, ಉಳುಕು ತೆಗೆಯುವವರೂ ಬೇಡ. ಮೊದಲು ಎಕ್ಸ್-ರೇ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಸೊಂಟ ನೋವಿಗೆ ಮಸಾಜಿನಿಂದ ಸಿಗುವುದು ಕೆಲವು ದಿನಗಳ ಆರಾಮ. ಜಾರಿದ ಡಿಸ್ಕನ್ನು ಯಾರ ಮೊಣಕೈಯೂ ವಾಪಸು ಒಳಗೆ ತಳ್ಳುವುದಿಲ್ಲ. "ಟಾಕ್ಸಿನ್ ಹೊರಗೆ ಹೋಗುತ್ತದೆ" ಅನ್ನುವುದು ಬರೀ ಬೋರ್ಡಿನ ಮಾತು. ಆ ಕೆಲಸಕ್ಕೆ ನಿಮ್ಮ ಲಿವರ್, ಕಿಡ್ನಿ ಇವೆ.

## ಹಂತ 2. ಮೈ ಮುಟ್ಟಿಸಬಾರದ ಸಂದರ್ಭಗಳು

ಈ ಭಾಗವನ್ನು ಜನ ಹಾರಿಸಿ ಓದುತ್ತಾರೆ. ಫಾರ್ಮಿನಲ್ಲೂ ಹಾಗೇ. ಹದಿನೈದು ಪ್ರಶ್ನೆ ಇದ್ದರೆ ಮೇಲಿಂದ ಕೆಳಗೆ "ಇಲ್ಲ, ಇಲ್ಲ, ಇಲ್ಲ" ಅಂತ ಒಂದೇ ಗೆರೆ ಎಳೆದು ಕೊಡುತ್ತಿದ್ದರು. ಆಮೇಲೆ ಮಾತಿಗೆ ಮಾತು ಬಂದಾಗ "ಹೋದ ವರ್ಷ ಸ್ಟೆಂಟ್ ಹಾಕಿಸಿದ್ದು" ಅಂತ ಹೊರಬೀಳುತ್ತಿತ್ತು.

ಮೊದಲು ಕಾಲು ನೋಡಿಕೊಳ್ಳಿ. ಒಂದೇ ಮೀನಖಂಡ ಊದಿದೆ, ಬಿಸಿಯಾಗಿದೆ, ಮುಟ್ಟಿದರೆ ನೋಯುತ್ತದೆ. ಇದು ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಲಕ್ಷಣ ಇರಬಹುದು. ಆಪರೇಷನ್ ಆದ ಮೇಲೆ, ತುಂಬಾ ದಿನ ಹಾಸಿಗೆ ಹಿಡಿದ ಮೇಲೆ, ಕೆಲವೊಮ್ಮೆ ಇಡೀ ರಾತ್ರಿ ಕಾಲು ಮಡಚಿ ಬಸ್ಸಿನಲ್ಲಿ ಕೂತ ಮೇಲೂ ಹೀಗಾಗಬಹುದು. ಬೆಂಗಳೂರಿಂದ ಸುಮಾರು 500 ಕಿಲೋಮೀಟರ್ ಕೂತು ಬಂದು, "ಕಾಲು ಹಿಡಿದಿದೆ, ಚೆನ್ನಾಗಿ ಒತ್ತಿ" ಅನ್ನುವವರು ಕಡಿಮೆಯೇನಲ್ಲ. ಎರಡೂ ಕಾಲು ಸಮನಾಗಿ ದಣಿದಿದ್ದರೆ ಚಿಂತೆಯಿಲ್ಲ. ಒಂದೇ ಕಾಲು ಊದಿದ್ದರೆ ಒತ್ತಿಸಬೇಡಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅವತ್ತೇ ಡಾಕ್ಟರಿಗೆ ತೋರಿಸಿ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಅಂದರೆ ವಾರ್ಫರಿನ್, ಕ್ಲೋಪಿಡೋಗ್ರೆಲ್ ಥರದವು, ಗಟ್ಟಿ ಒತ್ತಡಕ್ಕೆ ಹೋಗಬಾರದು. ಸ್ವಲ್ಪ ಒತ್ತಿದರೂ ಒಳಗೆ ರಕ್ತ ಕಟ್ಟುತ್ತದೆ. ಮೂಳೆ ಸವೆದವರು, ಮುಟ್ಟು ನಿಂತು ಬಹಳ ವರ್ಷಗಳಾದ ಹೆಂಗಸರು, ಉಬ್ಬಸಕ್ಕೋ ಸಂಧಿವಾತಕ್ಕೋ ವರ್ಷಗಟ್ಟಲೆ ಸ್ಟೆರಾಯ್ಡ್ ತಗೊಂಡವರು ಬೆನ್ನಿನ ಮೇಲೆ ಮೊಣಕಾಲು ಊರಿಸಿಕೊಳ್ಳಬಾರದು. ಪಕ್ಕೆಲುಬು ಬಿರುಕು ಬಿಡಬಹುದು.

ಶುಗರ್ ಇರುವವರು ಒಂದು ಪರೀಕ್ಷೆ ಮಾಡಿಕೊಳ್ಳಿ. ಕಣ್ಣು ಮುಚ್ಚಿ, ಮನೆಯವರಿಂದ ಅಂಗಾಲಿಗೆ ಹತ್ತಿ ಮುಟ್ಟಿಸಿಕೊಳ್ಳಿ. ಗೊತ್ತಾಗದಿದ್ದರೆ ಪಾದದ ಮಸಾಜಿನಲ್ಲಿ ಬಳಸುವ ಮರದ ಕಡ್ಡಿಯ ಒತ್ತಡವೂ ನಿಮಗೆ ಗೊತ್ತಾಗುವುದಿಲ್ಲ, ಬಿಸಿ ಗಂಟಿನ ಶಾಖವೂ ಗೊತ್ತಾಗುವುದಿಲ್ಲ. ಅರಿಶಿನ, ನಿಂಬೆಹುಲ್ಲು, ಕರ್ಪೂರ, ಶುಂಠಿ ಜಾತಿಯ ಗಡ್ಡೆ ಎಲ್ಲ ಬಟ್ಟೆಯಲ್ಲಿ ಕಟ್ಟಿ ಹಬೆಯಲ್ಲಿಟ್ಟು ಒತ್ತುತ್ತಾರೆ. ವಾಸನೆ ಬಹಳ ಚೆಂದ. ಆದರೆ ಸ್ಪರ್ಶ ಸತ್ತ ಪಾದಕ್ಕೆ ಅದರಿಂದ ಬೊಬ್ಬೆ ಎದ್ದರೆ ಮಾಯಲು ತಿಂಗಳುಗಳೇ ಬೇಕಾಗಬಹುದು.

ಗರ್ಭಿಣಿಯರು ತಮ್ಮ ಡಾಕ್ಟರನ್ನು ಕೇಳದೆ ಹೋಗಬೇಡಿ. ಹೊಟ್ಟೆ ಮೇಲೆ ಮಲಗಿಸುವುದು, ಹೊಟ್ಟೆ ಒತ್ತುವುದು ಅಂತೂ ಬೇಡವೇ ಬೇಡ. ಜ್ವರ, ಮೈಮೇಲೆ ಗಾಯ, ಹರಡುವ ಚರ್ಮದ ಕಾಯಿಲೆ, ಹತೋಟಿಗೆ ಬಾರದ ಬಿಪಿ ಇದ್ದರೆ ಮುಂದೂಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕೀಲು ಬದಲಿಸಿಕೊಂಡವರು, ಪೇಸ್‌ಮೇಕರ್ ಇರುವವರು ತಮ್ಮ ಡಾಕ್ಟರ್ ಒಪ್ಪಿದರೆ ಮಾತ್ರ.

ಇನ್ನು ಸೊಂಟ ನೋವು. ಎಲ್ಲರೂ ಬರುವುದೇ ಇದಕ್ಕೆ. ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಕಡಿಮೆಯಾಗದೆ ಎಬ್ಬಿಸುವ ನೋವು ಇದ್ದರೆ ಬೆನ್ನುಮೂಳೆಯ ಟಿಬಿ ಅಥವಾ ಬೇರೆ ಗಂಭೀರ ಕಾಯಿಲೆ ಇದೆಯೇ ನೋಡಿಸಬೇಕು. ಪಾದ ಎಳೆಯುತ್ತಿದೆ, ಚಪ್ಪಲಿ ಜಾರುತ್ತಿದೆ ಅಂದರೆ ನರಕ್ಕೆ ಪೆಟ್ಟಾಗುತ್ತಿದೆ. ತೊಡೆಯ ಒಳಗಡೆ, ಕೂರುವ ಜಾಗ ಮರಗಟ್ಟಿದೆ, ಮೂತ್ರ ಕಟ್ಟಿದೆ ಅಥವಾ ಗೊತ್ತಿಲ್ಲದೆ ಹೋಗುತ್ತಿದೆ ಅಂದರೆ ಅದೇ ತಾಸಿನಲ್ಲಿ ದೊಡ್ಡಾಸ್ಪತ್ರೆಗೆ ಓಡಿ. ಇಲ್ಲಿ ಒಂದು ದಿನ ತಡವಾದರೂ ನಷ್ಟ ಶಾಶ್ವತವಾಗಬಹುದು.

ಎದೆ ಬಿಗಿತ, ಎಡತೋಳು, ದವಡೆ ನೋವು, ಬೆವರು ಇದ್ದರೆ 108ಕ್ಕೆ ಫೋನ್ ಮಾಡಿ. "ಗ್ಯಾಸ್ ಆಗಿದೆ, ಬೆನ್ನು ಒತ್ತಿಸಿಕೊಂಡರೆ ಹೋಗುತ್ತದೆ" ಅಂತ ನಮ್ಮಲ್ಲಿಗೆ ಬಂದವರಿದ್ದರು. ನಾನು ರಿಕ್ಷಾ ಕರೆಸಿ ಆಸ್ಪತ್ರೆಗೆ ಕಳಿಸಿದ್ದೇನೆ.

## ಹಂತ 3. ಫೋನಿನಲ್ಲೇ ಅರ್ಧ ಕೆಲಸ ಮುಗಿಸಿ

ಜನ ಕೇಳುವ ಮೊದಲ ಪ್ರಶ್ನೆ "ರೇಟ್ ಎಷ್ಟು?" ಅದನ್ನು ಕೊನೆಗಿಡಿ. ಮೊದಲು ಕೇಳಬೇಕಾದದ್ದು: ನೆಲದ ಗಾದಿಯ ಮೇಲೆ ಮಾಡುತ್ತೀರೋ, ಟೇಬಲ್ ಮೇಲೋ? ಬಟ್ಟೆ ನೀವೇ ಕೊಡುತ್ತೀರೋ? ಎಣ್ಣೆ ಹಚ್ಚುತ್ತೀರೋ? "ಥಾಯ್" ಅಂತ ಬೋರ್ಡ್ ಹಾಕಿ ಟೇಬಲ್ ಮೇಲೆ ಎಣ್ಣೆ ಮಸಾಜ್ ಮಾಡುವ ಜಾಗಗಳಿವೆ. ಅದು ತಪ್ಪೇನಲ್ಲ, ಆದರೆ ನೀವು ದುಡ್ಡು ಕೊಡುತ್ತಿರುವುದು ಬೇರೆಯದಕ್ಕೆ.

ಆಮೇಲೆ ಕಲಿಕೆ. ಗೋಡೆ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟ್ ಇದ್ದೇ ಇರುತ್ತದೆ. ಅದರಲ್ಲಿ ಹೆಸರು, ಮುದ್ರೆ ನೋಡಬೇಡಿ, ಗಂಟೆ ನೋಡಿ. ಬ್ಯಾಂಕಾಕಿನ ವಾಟ್ ಫೋ ದೇವಸ್ಥಾನದ ಶಾಲೆಯಲ್ಲೇ ಸಾಮಾನ್ಯ ಕೋರ್ಸ್ 30 ಗಂಟೆಯದು. ಪ್ರವಾಸಿಗರೂ ಐದು ದಿನದಲ್ಲಿ ಮುಗಿಸಿ ಬರುತ್ತಾರೆ. ಸ್ಪಾದಲ್ಲಿ ಕೆಲಸ ಮಾಡಲು ಥಾಯ್ಲೆಂಡಿನಲ್ಲಿ 150 ಗಂಟೆಯ ಕಲಿಕೆ ಇದೆ, ಚಿಕಿತ್ಸೆಯ ಮಟ್ಟದ ಮಸಾಜ್‌ಗೆ 800 ಗಂಟೆಯದು. ನೋವಿಗೆ ಪರಿಹಾರ ಹುಡುಕಿಕೊಂಡು ಹೋಗುವವರು 30 ಗಂಟೆಯವರ ಕೈಗೆ ಕುತ್ತಿಗೆ ಕೊಡಬೇಕಾ, ಯೋಚಿಸಿ.

ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ಬೇಕು ಅಂತಿದ್ದರೆ ಫೋನಿನಲ್ಲೇ ಹೇಳಿ. ಹೋದ ಮೇಲೆ "ಇವತ್ತು ಅವರು ರಜೆ" ಅಂದರೆ ವಾಪಸು ಬರಲು ಸಂಕೋಚ ಬೇಡ. ರೂಮಿಗೆ ಒಳಗಿಂದ ಚಿಲಕ ಹಾಕುತ್ತಾರಾ ಅಂತಲೂ ಕೇಳಿ. ಹಾಕುವ ಅಗತ್ಯವಿಲ್ಲ. ಫೋನಿನಲ್ಲೇ ರಾಗ ಎಳೆದು "ಎಲ್ಲಾ ಸರ್ವಿಸ್ ಇದೆ ಸಾರ್" ಅನ್ನುವ ಕಡೆ ಕಾಲಿಡಲೇಬೇಡಿ. ಒಳಗೆ ಹೋದ ಮೇಲೆ ಯಾರಾದರೂ ಮಿತಿ ಮೀರಿದರೆ ಎದ್ದು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ.

ಸಮಯ ಎಷ್ಟು ಬುಕ್ ಮಾಡಬೇಕು? ಅರವತ್ತು ನಿಮಿಷದಲ್ಲಿ ಇಡೀ ಮೈ ಆಗುವುದಿಲ್ಲ. ಆದರೂ ಮೊದಲ ಸಲ ಅರವತ್ತೇ ಸಾಕು ಅನ್ನುತ್ತೇನೆ. ಎರಡು ತಾಸು ಒತ್ತಿಸಿಕೊಂಡರೆ ಮರುದಿನ ಮೆಟ್ಟಿಲು ಇಳಿಯುವಾಗ ನನ್ನನ್ನು ಬೈದುಕೊಳ್ಳುತ್ತೀರಿ.

## ಹಂತ 4. ಆ ದಿನದ ತಯಾರಿ

ಊಟ ಆಗಿ ಎರಡು ತಾಸಾದರೂ ಕಳೆದಿರಬೇಕು. ಎರಡು ರೊಟ್ಟಿ, ಎಣ್ಣೆಗಾಯಿ, ಮೇಲೊಂದಿಷ್ಟು ಕುಂದಾ ತಿಂದು ಬಂದು ಮೊಣಕಾಲನ್ನು ಹೊಟ್ಟೆಗೆ ಒತ್ತಿಸಿಕೊಂಡರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ಶುಗರ್ ಮಾತ್ರೆ ತಗೊಳ್ಳುವವರಿಗಂತೂ ಬೇಡವೇ ಬೇಡ. ಕುಡಿದು ಹೋಗಬೇಡಿ. ನೋವಿನ ಮಾತ್ರೆ ನುಂಗಿಯೂ ಹೋಗಬೇಡಿ. ಎಲ್ಲಿ ಜಾಸ್ತಿ ಆಯಿತು ಅಂತ ಮೈ ಹೇಳುವ ಮಾತು ನಿಮಗೆ ಕೇಳಿಸುವುದಿಲ್ಲ.

ಬಳೆ, ಸರ, ವಾಚು, ಕಾಲುಂಗುರ, ತಾಯತ ಮನೆಯಲ್ಲೇ ತೆಗೆದಿಟ್ಟು ಹೋಗಿ. ತಾಳಿ ತೆಗೆಯಲು ಒಪ್ಪದವರು ಮೊದಲೇ ಹೇಳಿ, ಕುತ್ತಿಗೆ ಹತ್ತಿರ ನೋಡಿಕೊಂಡು ಒತ್ತುತ್ತಾರೆ. ಉಗುರು ಕತ್ತರಿಸಿ, ಕಾಲು ತೊಳೆದುಕೊಂಡು ಹೋಗಿ. ಒಳ ಉಡುಪು ತೆಗೆಯಬೇಕಿಲ್ಲ. ಹತ್ತು ನಿಮಿಷ ಮೊದಲೇ ತಲುಪಿ. ಏದುಸಿರು ಬಿಡುತ್ತ ಮಲಗಿದರೆ ಮೊದಲ ಕಾಲು ತಾಸು ಸುಮ್ಮನೆ ಹೋಗುತ್ತದೆ.

## ಹಂತ 5. ಹತ್ತು ನಿಮಿಷದ ಮಾತು

ಎಲ್ಲ ಕೆಡುವುದೂ ಇಲ್ಲೇ, ಸರಿಯಾಗುವುದೂ ಇಲ್ಲೇ. ಮುಂದಿನ ಮೇಜಿನಲ್ಲಿ ಕೂತವರಿಗೆ ಹೇಳಿದ್ದು ಒಳಗಿನವರಿಗೆ ತಲುಪಿರುತ್ತದೆ ಅಂತ ನಂಬಬೇಡಿ. ನಾನೇ ಎಷ್ಟೋ ಸಲ ಮರೆತಿದ್ದೇನೆ. ಕೈ ಹಾಕುವವರಿಗೇ ನೇರವಾಗಿ ಹೇಳಿ.

"ಬೆನ್ನು ನೋವು" ಅಂದರೆ ಸಾಲದು. ಬೆರಳಿಟ್ಟು ತೋರಿಸಿ. ಎಷ್ಟು ದಿನದಿಂದ, ಯಾವ ಕೆಲಸ ಮಾಡುವಾಗ, ಕೂತಾಗಲೋ ಎದ್ದಾಗಲೋ, ನೋವು ಕಾಲಿಗೆ ಇಳಿಯುತ್ತದೋ ಇಲ್ಲವೋ ಹೇಳಿ. ಮೊಣಕಾಲು ದಾಟಿ ಕೆಳಗೆ ಇಳಿಯುತ್ತಿದ್ದರೆ, ಜೋಮು ಇದ್ದರೆ ಕಾಲು ಎತ್ತಿ ಎಳೆಯುವ ಭಾಗ ಬೇಡ ಅಂತ ಹೇಳಿ. ಅದಕ್ಕಿಂತ ಮೊದಲು ಡಾಕ್ಟರಿಗೆ ತೋರಿಸಿರಬೇಕಿತ್ತು ಅಂತಲೂ ನೆನಪು ಮಾಡುತ್ತೇನೆ.

ಹಳೆಯದನ್ನೂ ಹೇಳಿ. ಹತ್ತು ವರ್ಷದ ಹಿಂದೆ ಬೈಕಿನಿಂದ ಬಿದ್ದು ತೊಡೆಯಲ್ಲಿ ರಾಡ್ ಇದೆ ಅಂದರೆ ನಿಮಗೆ ಮರೆತುಹೋಗಿರುತ್ತದೆ, ಮೂಳೆಗೆ ಮರೆತಿರುವುದಿಲ್ಲ. ಗಟ್ಟಿ ತೋಳಿನವನೊಬ್ಬ ಹೀಗೆ ಭುಜ ತಪ್ಪಿದ್ದ ಹಳೆ ಕಥೆ ಹೇಳದೆ ಮಲಗಿದ್ದ. ತೋಳು ಹಿಂದಕ್ಕೆ ಎಳೆದಾಗ ಕೂಗಿಕೊಂಡ. ಪುಣ್ಯಕ್ಕೆ ಏನೂ ಆಗಲಿಲ್ಲ.

ಮಾತಿನ ತೊಡಕೂ ಇದೆ. ನಮ್ಮ ಊರುಗಳ ಸ್ಪಾಗಳಲ್ಲಿ ಈಶಾನ್ಯ ರಾಜ್ಯಗಳಿಂದ ಬಂದವರು ಕೆಲಸ ಮಾಡುವುದುಂಟು. ಅವರಿಗೆ ಕನ್ನಡ ಬರುವುದಿಲ್ಲ, ಬೆಳಗಾವಿಯ ಮರಾಠಿಯೂ ಬರುವುದಿಲ್ಲ. ಹಿಂದಿಯಲ್ಲಿ "ಧೀರೆ", "ಬಸ್", "ಯಹಾಂ ನಹೀ" ಮೂರು ಮಾತು ಸಾಕು. ಥಾಯ್ಲೆಂಡ್ ಟೂರಿಗೆ ಹೋದಾಗ ಮಾಡಿಸಿಕೊಳ್ಳುವವರು "ಬಾವ್ ಬಾವ್" ಅಂದರೆ ಮೆಲ್ಲಗೆ, "ಜೆಪ್" ಅಂದರೆ ನೋಯುತ್ತಿದೆ ಅಂತ ನೆನಪಿಟ್ಟುಕೊಳ್ಳಿ. "ನಾಕ್" ಅಂದರೆ ಗಟ್ಟಿಯಾಗಿ. ಅದನ್ನು ಬಾಯಿ ತಪ್ಪಿಯೂ ಹೇಳಬೇಡಿ!

## ಹಂತ 6. ಗಾದಿಯ ಮೇಲೆ ಏನು ನಡೆಯುತ್ತದೆ

ಸಾಮಾನ್ಯವಾಗಿ ಪಾದ ತೊಳೆಯುತ್ತಾರೆ, ಬಟ್ಟೆ ಕೊಡುತ್ತಾರೆ. ಪೈಜಾಮದ ಸೊಂಟ ತುಂಬಾ ಅಗಲ ಇರುತ್ತದೆ, ಮಡಚಿ ಕಟ್ಟಿಕೊಳ್ಳಿ. ಅಂಗಾತ ಮಲಗಿಸಿ ಪಾದದಿಂದ ಶುರು ಮಾಡುತ್ತಾರೆ. ಅಲ್ಲಿಂದ ಮೀನಖಂಡ, ತೊಡೆ. ಮೊದಲ ಅರ್ಧ ತಾಸು ಕಾಲಿನಲ್ಲೇ ಕಳೆಯುವುದು ಈ ಪದ್ಧತಿಯ ರೀತಿಯೇ ಹೊರತು ಸೋಮಾರಿತನವಲ್ಲ. ತೊಡೆಯ ಹಿಂಭಾಗ ಮತ್ತು ಸೊಂಟದ ಕೆಳಗಿನ ಸ್ನಾಯು ಬಿಗಿಯಾಗಿದ್ದರೆ ಸೊಂಟವೂ ಎಳೆಯುತ್ತದೆ. ಅದಕ್ಕೇ ಬೆನ್ನಿಗೆ ಬಂದವರ ಕಾಲು ಹಿಡಿಯುತ್ತಾರೆ. ಸಮಯ ಕಡಿಮೆ ಇದ್ದರೆ "ಕಾಲಿಗೆ ಇಪ್ಪತ್ತು ನಿಮಿಷ ಸಾಕು, ಬೆನ್ನಿಗೆ ಜಾಸ್ತಿ ಕೊಡಿ" ಅಂತ ಶುರುವಿನಲ್ಲೇ ಹೇಳಿ. ನಡುವೆ ಹೇಳಿದರೆ ಲೆಕ್ಕ ತಪ್ಪುತ್ತದೆ.

ಆಮೇಲೆ ಕೈ, ಪಕ್ಕಕ್ಕೆ ಮಲಗಿಸಿ ಸೊಂಟ, ಬೋರಲು ಮಲಗಿಸಿ ಬೆನ್ನು. ಕೊನೆಗೆ ಕೂರಿಸಿ ಭುಜ, ಕುತ್ತಿಗೆ, ತಲೆ. ಕ್ರಮ ಜಾಗದಿಂದ ಜಾಗಕ್ಕೆ ಸ್ವಲ್ಪ ಬದಲಾಗುತ್ತದೆ. ನಡುವೆ ಕೀಲು ಟಕ್ಕೆನ್ನಬಹುದು, ಹೊಟ್ಟೆ ಗುಡುಗುಡು ಅನ್ನಬಹುದು, ಗ್ಯಾಸ್ ಹೋಗಬಹುದು, ನಿದ್ದೆ ಬಂದು ಗೊರಕೆ ಹೊಡೆಯಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಅವರು ದಿನಾ ಕೇಳುವುದೇ ಇದು.

ನಿಮ್ಮ ಕೆಲಸ ಇಲ್ಲಿ ಒಂದೇ: ಸಹಾಯ ಮಾಡದಿರುವುದು. ಕಾಲು ಎತ್ತಿದಾಗ ನೀವೂ ಎತ್ತುತ್ತೀರಿ, ತೋಳು ಎಳೆದಾಗ ನೀವೂ ಎಳೆಯುತ್ತೀರಿ. ಮೊದಲ ಸಲ ಎಲ್ಲರೂ ಮಾಡುವ ತಪ್ಪು. ಒದ್ದೆ ಬಟ್ಟೆಯ ಹಾಗೆ ಬಿಟ್ಟುಬಿಡಿ. ಎಳೆಯುವಾಗ ಉಸಿರು ಬಿಡಿ. ಉಸಿರು ಹಿಡಿದರೆ ಸ್ನಾಯುವೂ ಹಿಡಿಯುತ್ತದೆ.

## ಹಂತ 7. ನೋವಿನ ಲೆಕ್ಕ

ನನ್ನದೇ ಕಥೆ. ಸೆಂಟರಿಗೆ ಸೇರುವ ಮೊದಲು ಬೇರೆ ಊರಿನಲ್ಲಿ ಒಂದು ಕಡೆ ಮಾಡಿಸಿಕೊಂಡೆ. ಆಕೆ ತೊಡೆಯ ಪಕ್ಕಕ್ಕೆ ಮೊಣಕೈ ಊರಿ "ಓಕೆ?" ಅಂದಳು. ನಾನು "ಓಕೆ" ಅಂದೆ. ಕಣ್ಣಲ್ಲಿ ನೀರು. ಇನ್ನೂ ಸ್ವಲ್ಪ ಊರಿ ಮತ್ತೆ "ಓಕೆ?" ಮತ್ತೆ ನಾನು "ಓಕೆ". ದುಡ್ಡು ಕೊಟ್ಟಿದ್ದೇನೆ, ಸಹಿಸಿಕೊಂಡರೆ ಗುಣ ಅಲ್ವಾ? ಐದು ದಿನ ತೊಡೆ ಬದನೆಕಾಯಿ ಬಣ್ಣಕ್ಕಿತ್ತು. ಆಕೆಯ ತಪ್ಪು ಎಷ್ಟು, ನನ್ನ ತಪ್ಪು ಎಷ್ಟು ಅಂತ ಈಗಲೂ ಲೆಕ್ಕ ಹಾಕುತ್ತೇನೆ.

"ಓಕೆ" ಅನ್ನುವ ಬದಲು ಅಂಕಿ ಹೇಳಿ. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ತಡೆಯಲಾರದ್ದು. ಐದು, ಆರರಲ್ಲಿ ಇರಬೇಕು. ಒತ್ತಿದಾಗ ನೋವು, ಜೊತೆಗೆ "ಹಾಂ, ಅಲ್ಲೇ" ಅನ್ನಿಸುವ ಒಂದು ಸುಖ. ಉಸಿರು ಸರಾಗವಾಗಿ ಆಡುತ್ತಿರುತ್ತದೆ. ಏಳಕ್ಕೆ ಬಂದರೆ ಕಾಲ್ಬೆರಳು ಮಡಚಿಕೊಳ್ಳುತ್ತವೆ, ಮುಷ್ಟಿ ಬಿಗಿಯುತ್ತದೆ, ಉಸಿರು ನಿಲ್ಲುತ್ತದೆ. ಅಲ್ಲಿಂದ ಮುಂದೆ ಒತ್ತಿದ್ದೆಲ್ಲ ದಂಡ. ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನೂ ಬಿಗಿಯಾಗುತ್ತದೆ. ನೀವು ದುಡ್ಡು ಕೊಟ್ಟು ಬಿಗಿತ ಕೊಂಡಂತೆ.

ನೋವಿನ ಬಗೆಯನ್ನೂ ಗಮನಿಸಿ. ಮೊಂಡಾಗಿ, ಅಗಲವಾಗಿ ಇರುವ ನೋವು ಸ್ನಾಯುವಿನದು, ನಡೆಯುತ್ತದೆ. ಚುಚ್ಚಿದಂತೆ, ಕರೆಂಟ್ ಹೊಡೆದಂತೆ, ಉರಿ ಉರಿಯಾಗಿ ಗೆರೆ ಎಳೆದಂತೆ ಬಂದರೆ ಅಂಕಿ ಹೇಳುತ್ತ ಕೂರಬೇಡಿ, ನಿಲ್ಲಿಸಿ.

## ಹಂತ 8. ಬಾಯಿ ಬಿಟ್ಟು "ಬೇಡ" ಅನ್ನಬೇಕಾದ ಕೆಲಸಗಳು

ಮೊದಲನೆಯದು ಕುತ್ತಿಗೆ ಟಕ್ಕೆನ್ನಿಸುವುದು. ಕಟಿಂಗ್ ಅಂಗಡಿಯಲ್ಲಿ ತಲೆ ಹಿಡಿದು ಎರಡೂ ಕಡೆ ತಿರುಗಿಸುವ ಅಭ್ಯಾಸ ನಮ್ಮ ಕಡೆ ಬಹಳ. ಕುತ್ತಿಗೆಯ ಮೂಳೆಯೊಳಗಿಂದ ಮೆದುಳಿಗೆ ಹೋಗುವ ರಕ್ತನಾಳಗಳಿವೆ. ಜೋರಾಗಿ ತಿರುಗಿಸಿದರೆ ಅವುಗಳ ಒಳಪದರ ಹರಿದು ಲಕ್ವ ಹೊಡೆಯಬಹುದು. ಅಪರೂಪ, ನಿಜ. ಆದರೆ ಟಕ್ಕೆಂದು ಸಿಗುವ ಸುಖ ಐದು ನಿಮಿಷದ್ದು. ಈ ಲೆಕ್ಕ ನನಗೆ ಯಾವತ್ತೂ ಸರಿಹೋಗಿಲ್ಲ. ಮಲಗುವ ಮೊದಲೇ "ಕುತ್ತಿಗೆ ತಿರುಗಿಸಬೇಡಿ, ಒತ್ತಿದರೆ ಸಾಕು" ಅಂತ ಹೇಳಿಬಿಡಿ. ಯಾವತ್ತಾದರೂ ಕುತ್ತಿಗೆ ತಿರುಗಿಸಿದ ಮೇಲೆ ತಲೆ ಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಮನೆಗೆ ಹೋಗಿ ಮಲಗಬೇಡಿ. ನೇರ ಆಸ್ಪತ್ರೆ.

ಎರಡನೆಯದು ತೊಡೆಸಂದಿಯಲ್ಲಿ ಒತ್ತಿ ಹಿಡಿಯುವುದು. ಕಾಲಿಗೆ ಹೋಗುವ ರಕ್ತವನ್ನು ಸ್ವಲ್ಪ ಹೊತ್ತು ತಡೆದು ಬಿಡುತ್ತಾರೆ, ಬಿಟ್ಟಾಗ ಬಿಸಿ ಹರಿದಂತೆ ಆಗುತ್ತದೆ. ಬಿಪಿ, ಹೃದಯದ ತೊಂದರೆ, ಕಾಲಿನಲ್ಲಿ ಉಬ್ಬಿದ ನರ ಇರುವವರಿಗೆ ಇದು ಬೇಡ. ನಿಜ ಹೇಳಬೇಕೆಂದರೆ ಮೊದಲ ಸಲದವರಿಗೆ ಯಾರಿಗೂ ಬೇಡ. ಜಾಗವೂ ಮುಜುಗರದ್ದು.

ಬೆನ್ನಿನ ಮೇಲೆ ಹತ್ತಿ ನಿಲ್ಲುವುದಕ್ಕೂ ಬೇಡ ಅನ್ನಿ. ಮನೆಯಲ್ಲಿ ಮಕ್ಕಳನ್ನು ಹತ್ತಿಸಿಕೊಳ್ಳುತ್ತೇವೆ ಅಂತ ಐವತ್ತು ಕಿಲೋದವರನ್ನು ಹತ್ತಿಸಿಕೊಳ್ಳಬಾರದು.

## ಹಂತ 9. ಎದ್ದ ಮೇಲೆ, ಮುಂದಿನ ಎರಡು ದಿನ

ತಟ್ಟನೆ ಏಳಬೇಡಿ. ಪಕ್ಕಕ್ಕೆ ಹೊರಳಿ, ಕೈ ಊರಿ, ಕೂತು, ಒಂದು ನಿಮಿಷ ಬಿಟ್ಟು ನಿಲ್ಲಿ. ಬಿಪಿ ಮಾತ್ರೆ ತಗೊಳ್ಳುವವರಿಗೆ ಕಣ್ಣು ಕತ್ತಲಿಡುವುದು ಸಾಮಾನ್ಯ. ಬಾಯಾರಿದ್ದರೆ ನೀರು ಕುಡಿಯಿರಿ, ಬಲವಂತಕ್ಕೆ ಎರಡು ಲೀಟರ್ ಬೇಕಿಲ್ಲ. ಕಾಲು ತಾಸು ಕೂತು ಆಮೇಲೆ ಗಾಡಿ ಹತ್ತಿ. ಅದೇ ಗುಂಗಿನಲ್ಲಿ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಹೊರಡುವವರನ್ನೂ ನೋಡಿದ್ದೇನೆ.

ಒಂದೆರಡು ದಿನ ಮೈ ಮಿದುವಾಗಿ ನೋಯುತ್ತದೆ, ಬಹಳ ದಿನದ ಮೇಲೆ ಹೊಲದಲ್ಲಿ ದುಡಿದ ಹಾಗೆ. ಸಣ್ಣ ಕಂದು ಕಲೆ ಬೀಳಬಹುದು. ಬಿಸಿನೀರು, ನಡಿಗೆ, ನಿದ್ದೆ ಸಾಕು. ಜಿಮ್ಮು, ಭಾರ ಎತ್ತುವುದು ಎರಡು ದಿನ ಬೇಡ. "ನೋವು ಬಂತು, ಮತ್ತೆ ಒತ್ತಿಸಿಕೊಳ್ಳೋಣ" ಅಂತ ಮರುದಿನವೇ ಹೋಗಬೇಡಿ.

ನೋವು ಮೂರನೆಯ ದಿನಕ್ಕೆ ಕಡಿಮೆಯಾಗದೆ ಹೆಚ್ಚಾದರೆ, ಕೈಕಾಲಿಗೆ ಹೊಸ ಜೋಮು ಬಂದರೆ, ಉಸಿರೆಳೆದಾಗ ಪಕ್ಕೆ ಚುಚ್ಚಿದರೆ ಡಾಕ್ಟರಿಗೆ ತೋರಿಸಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ತೋರಿಸಿ. ಅತಿಯಾಗಿ ಒತ್ತಿ ಸ್ನಾಯು ಜಜ್ಜಿದಾಗ ಅಪರೂಪಕ್ಕೆ ಹೀಗಾಗುತ್ತದೆ, ಕಿಡ್ನಿಗೆ ಪೆಟ್ಟು.

## ಹಂತ 10. ಮುಂದಿನ ಸಲ ಯಾವಾಗ, ಪ್ಯಾಕೇಜ್ ಬೇಕಾ?

ಒಂದು ಹಳೆ ಡೈರಿಯಲ್ಲಿ ನಾಲ್ಕು ಸಾಲು ಬರೆದಿಡಿ. ಹೋಗುವ ಮೊದಲು ನೋವು ಹತ್ತಕ್ಕೆ ಎಷ್ಟಿತ್ತು, ಅದೇ ರಾತ್ರಿ ಎಷ್ಟು, ಮೂರು ದಿನದ ಮೇಲೆ ಎಷ್ಟು, ವಾರದ ಮೇಲೆ ಎಷ್ಟು. ಯಾವ ಭಾಗ ಒತ್ತಿದ್ದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಅಂತ ಪಕ್ಕದಲ್ಲಿ ಗುರುತು ಹಾಕಿ. ಮುಂದಿನ ಸಲ ಆ ಹಾಳೆಯನ್ನೇ ತೋರಿಸಿದರೆ ಹತ್ತು ನಿಮಿಷದ ಮಾತು ಮೂರು ನಿಮಿಷಕ್ಕೆ ಮುಗಿಯುತ್ತದೆ.

ಆರಾಮ ವಾರ ನಿಂತರೆ ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಹೋಗಿ. ಎರಡೇ ದಿನಕ್ಕೆ ನೋವು ವಾಪಸು ಬರುತ್ತಿದ್ದರೆ ಕೂರುವ ಕುರ್ಚಿ, ಮಗ್ಗದ ಎತ್ತರ, ಮಲಗುವ ಗಾದಿ ನೋಡಿಕೊಳ್ಳಿ. ಮೂರು ಸಲ ಆದ ಮೇಲೂ ಅದೇ ಜಾಗದಲ್ಲಿ ಅಷ್ಟೇ ನೋವಿದ್ದರೆ ನಾಲ್ಕನೆಯದಕ್ಕೆ ಹೋಗಬೇಡಿ, ಫಿಸಿಯೋಥೆರಪಿಸ್ಟ್ ಅಥವಾ ಮೂಳೆ ಡಾಕ್ಟರನ್ನು ನೋಡಿ.

ಮೊದಲ ದಿನವೇ, ಮೈ ಹಗುರಾಗಿ ತೇಲುತ್ತ ಹೊರಗೆ ಬಂದಾಗ, ಮುಂದಿನ ಮೇಜಿನವರು "ಹತ್ತರ ಪ್ಯಾಕೇಜ್ ತಗೊಂಡರೆ ಎರಡು ಫ್ರೀ" ಅನ್ನುತ್ತಾರೆ. ಆ ಹೊತ್ತಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಆ ಮಾತನ್ನು ಆರು ವರ್ಷ ಹೇಳಿದವಳು ನಾನೇ, ಅದಕ್ಕೇ ಗೊತ್ತು. ಮೂರು ದಿನ ಬಿಟ್ಟು ಡೈರಿ ನೋಡಿ ತೀರ್ಮಾನಿಸಿ. ತಗೊಳ್ಳುವುದೇ ಆದರೆ ಎಷ್ಟು ತಿಂಗಳೊಳಗೆ ಮುಗಿಸಬೇಕು, ಅದೇ ಥೆರಪಿಸ್ಟ್ ಸಿಗುತ್ತಾರಾ, ಮನೆಯವರಿಗೆ ವರ್ಗಾಯಿಸಬಹುದಾ, ಉಳಿದ ದುಡ್ಡು ವಾಪಸು ಕೊಡುತ್ತಾರಾ, ನಾಲ್ಕನ್ನೂ ರಸೀದಿಯ ಹಿಂದೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.